ವಲ್ಲಿಯ ಕೆಳಗಿನ ಕೈ

ಹುಬ್ಬಳ್ಳಿ
೧೨ ಜನವರಿ ೧೯೩೨

ಹತ್ತಿ ದಲಾಲರಾದ ಬಸಣ್ಣನವರಿಗೆ,

ಈ ಪತ್ರದಲ್ಲಿ ಒಂದು ಸಂಗತಿಯನ್ನು ಬರೆಯದೆ ಬಿಡುವವಳಿದ್ದೆ. ನಿಮ್ಮ ಅಂಗಡಿಗೆ ನಾನು ಕಳಿಸಬೇಕೆಂದಿರುವ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಮೊದಲು ಬರೆದ ಪ್ರತಿಯಲ್ಲಿ ಅವನ ವಯಸ್ಸು, ಓದು, ನಡತೆ ಎಲ್ಲವೂ ಇತ್ತು, ಇದೊಂದು ಇರಲಿಲ್ಲ. ಅವನು ನಿಮ್ಮ ಕಟ್ಟೆ ಹತ್ತಿದ ಮೇಲೆ ತಾನಾಗಿ ತಿಳಿಯುತ್ತದೆ, ಅಷ್ಟರಲ್ಲಿ ಅವನ ಕೈಗುಣವನ್ನು ನೀವು ಮೆಚ್ಚಿರುತ್ತೀರಿ ಎಂದು ಎಣಿಸಿದ್ದೆ. ಆ ಹಾಳೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮಗಳು ಮುರಿಗೆವ್ವ ನಮ್ಮ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತವಳು. ಮೂರು ವರ್ಷಗಳಿಂದ, ಶಾಲೆ ಬಿಟ್ಟ ಮೇಲೆ, ಐದು ಮಕ್ಕಳಿಗೆ ಬೇರೆ ತರಗತಿ ನಡೆಸುತ್ತಿದ್ದೇನೆ. ಒಬ್ಬಳಿಗೆ ಕಿವಿ ಕೇಳುವುದಿಲ್ಲ, ಒಬ್ಬನ ಬಲಗೈ ಸತ್ತಿದೆ, ಹೀಗೆ. ಪರೀಕ್ಷೆ ಪಾಸಾಗುವುದನ್ನು ಶಾಲೆ ಕಲಿಸುತ್ತದೆ. ಪಾಸಾದ ಮೇಲೆ ಮನೆಯ ಮೂಲೆಯಲ್ಲಿ ಕೂರಬಾರದಲ್ಲ, ಅದಕ್ಕೆ ಈ ತರಗತಿ. ಹೆಡ್‌ಮಾಸ್ತರರು ಬೇಡ ಎನ್ನುವುದಿಲ್ಲ. "ಭಜನಿ ಕಲಿಸ್ರಿ, ಎಲ್ಲಿ ಹೋದರೂ ಊಟಕ್ಕ ಕಡಿಮಿ ಇಲ್ಲ" ಎನ್ನುತ್ತಾರೆ.

ಹುಡುಗನ ಹೆಸರು ಗುಡ್ಡಪ್ಪ, ವಯಸ್ಸು ಹತ್ತೊಂಬತ್ತು, ಊರು ಕುಸುಗಲ್. ಆರನೆಯ ವರ್ಷ ಸಿಡುಬಿನಲ್ಲಿ ಎರಡೂ ಕಣ್ಣು ಹೋದವು. ತಂದೆ ಇಲ್ಲ. ತಾಯಿ ಬೀರವ್ವ ಎರಡು ಎಕರೆ ಎರೆಹೊಲದಲ್ಲಿ ಹತ್ತಿ, ಜೋಳ ಬೆಳೆಯುತ್ತಾಳೆ. ದಪ್ಪ ಕಾಗದದ ಮೇಲೆ ಚುಚ್ಚಿ ಎಬ್ಬಿಸಿದ ಚುಕ್ಕಿ ಅಕ್ಷರಗಳನ್ನು ಅವನು ಬೆರಳಿನಿಂದ ಓದುತ್ತಾನೆ. ಮುಂಬಯಿಯಿಂದ ಪುಸ್ತಕ ತರಿಸಿ ನಾನು ಕಲಿತೆ, ಆಮೇಲೆ ಅವನಿಗೆ ಕಲಿಸಿದೆ. ಈಗ ನನಗಿಂತ ಬೇಗ ಓದುತ್ತಾನೆ.

ಹೋದ ಸುಗ್ಗಿಯಲ್ಲಿ ನನ್ನ ಅಣ್ಣನ ಜೊತೆ ಹತ್ತಿ ಪೇಟೆಗೆ ಬಂದಿದ್ದೆ. ನಿಮ್ಮ ಜನ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು ಎಳೆಯ ಉದ್ದ ಹೇಳುವುದನ್ನು ಕಂಡೆ. ದಲಾಲ ಮತ್ತು ಖರೀದಿದಾರ ಹೆಗಲ ಮೇಲಿನ ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವುದನ್ನೂ ಕಂಡೆ. ಎರಡೂ ಕೆಲಸಗಳಲ್ಲಿ ಕಣ್ಣಿಗೆ ಜಾಗವಿರಲಿಲ್ಲ. ಒಂದು ಸುಗ್ಗಿ ಅವನನ್ನು ಇಟ್ಟುಕೊಂಡು ನೋಡುವಿರಾ? ಬರುವ ಸೋಮವಾರ ತಾಯಿಯ ಜೊತೆ ಕಳಿಸುತ್ತೇನೆ.

ನಿಮ್ಮ ವಿಶ್ವಾಸಿ,
ಮಂದಾಕಿನಿ ಕಟ್ಟಿ


ಹುಬ್ಬಳ್ಳಿ ಹತ್ತಿ ಪ್ಯಾಟಿ
೨೭ ಜನವರಿ ೧೯೩೨

ಮಂದಾಕಿನಿ ಅಕ್ಕಾವರಿಗೆ ಬಸಣ್ಣನ ಶರಣು.

ನನಗ ಸಾಲಿ ಕನ್ನಡ ಬರೂದಿಲ್ಲ. ಮಾತಾಡಿದಂಗ ಬರೀತೇನಿ, ತಿದ್ದಾಕ ಹೋಗಬ್ಯಾಡ್ರಿ.

ನಿಮ್ಮ ಪತ್ರ ಓದಿ ನಕ್ಕೆ, ಸಿಟ್ಟಾಗಬ್ಯಾಡ್ರಿ. ಕಣ್ಣಿದ್ದ ಗುಮಾಸ್ತರು ನನ್ನಲ್ಲಿ ಮೂರು ಮಂದಿ ಅದಾರ. ಒಬ್ಬಾವ ಮಧ್ಯಾಹ್ನ ಮಲಗ್ತಾನ, ಒಬ್ಬಾವ ದಾರಿ ನೋಡ್ಕೋತ ಕೂಡ್ತಾನ, ಮೂರನೇದಾವ ಎರಡೂ ಮಾಡ್ತಾನ. ಇವನಿಂದ ಅದಕಿಂತ ಕೆಟ್ಟದ್ದು ಏನಾದೀತು ಅಂದೆ.

ಸೋಮವಾರ ಬಂದಿದ್ದ. ನಮ್ಮ ಲಾಲಸಾಬ, ತೂಕದ ಮನಷ್ಯಾ, ಮೂವತ್ತ ವರ್ಷದಿಂದ ನನ್ನಲ್ಲಿ ಅದಾನ, ಹುಡುಗನ ಎಡಗೈಯಾಗ ಜವಾರಿ ಹತ್ತಿ, ಬಲಗೈಯಾಗ ಅಮೇರಿಕನ್ ಹತ್ತಿ ಇಟ್ಟು, "ಯಾವುದು ಛಲೋ?" ಅಂದ. ಹುಡುಗ ಎಳದು ನೋಡಿ, "ಬಲಗೈದು ಉದ್ದ ಐತ್ರಿ, ಆದರ ಇದರಾಗ ಜವಾರಿ ಕೂಡಿಸೀರಿ" ಅಂದ. ಲಾಲಸಾಬ ನನ್ನ ಮಾರಿ ನೋಡಿದ. ಕೂಡಿಸಿದ್ದು ಖರೇ, ಅಂವಾ ಬೇಕಂತ ಮಾಡಿದ್ದ.

ಫೆಬ್ರವರಿ ಒಂದಕ್ಕ ಬರ್ಲಿ. ಊಟ, ವಸ್ತಿ ಲಾಲಸಾಬನ ಬಾಜೂ ಮನ್ಯಾಗ, ಹಳೇ ಹುಬ್ಬಳ್ಳ್ಯಾಗ. ಸುಗ್ಗಿ ಮುಗಿಯೂತನ ನೋಡೂಣು. ಕೈ ನೆಟ್ಟಗ ಐತಿ ಅಂದರ ಬಲಗೈ ಸತ್ತ ನಿಮ್ಮ ಇನ್ನೊಬ್ಬ ಹುಡುಗನ ಮಾತೂ ಆಡೂಣು. ನನ್ನ ಬಾಜೂ ಅಂಗಡ್ಯಾಗ ಬರೆಯಾಂವ ಬೇಕಾಗ್ಯಾನ.

ಬಸಣ್ಣ


ಹಳೇ ಹುಬ್ಬಳ್ಳಿ
೨೦ ಮಾರ್ಚ್ ೧೯೩೨

ಪೂಜ್ಯ ಬಾಯಿಯವರಿಗೆ ಗುಡ್ಡಪ್ಪನ ನಮಸ್ಕಾರಗಳು.

ನೀವು ಕೊಟ್ಟ ಪಾಟಿ ಮತ್ತು ದಬ್ಬಣದಿಂದ ಇದನ್ನು ಚುಚ್ಚುತ್ತಿದ್ದೇನೆ. ಕಾಗದ ತೆಳುವಾಗಿದೆ, ಚುಕ್ಕಿ ಒಡೆದಿದ್ದರೆ ಕ್ಷಮಿಸಿ.

ಪೇಟೆ ಹಿಡಿಸಿದೆ. ಮೊದಲ ವಾರ ಹಮಾಲರು ಚೀಲ ದಾರಿಗಿಟ್ಟು ನಾನು ಎಡವುವುದನ್ನು ನೋಡುತ್ತಿದ್ದರು. ಮೂರನೆಯ ದಿನ ಒಬ್ಬನು ತನ್ನ ಚೀಲಕ್ಕೆ ತಾನೇ ಎಡವಿ ಬಿದ್ದ. ಅವನನ್ನು ಎಬ್ಬಿಸಿದವನು ನಾನು. "ಇವಗ ಕಾಣಸ್ತೈತಿ, ಸೋಗ ಹಾಕ್ಯಾನ" ಎಂದು ಹೇಳಿ ನಕ್ಕರು. ಅಂದಿನಿಂದ ದಾರಿ ಬಿಡುತ್ತಾರೆ. ಹೋದ ವಾರ ಒಂದು ಗಾಡಿಯ ಹತ್ತಿಯಲ್ಲಿ ಮೇಲೆ ಒಳ್ಳೆಯದು, ಅಡಿಯಲ್ಲಿ ಹಳೆಯದು ಇತ್ತು. ತೋಳಿನ ತನಕ ಕೈ ಇಳಿಸಿ ಹೇಳಿದೆ. ಬಸಣ್ಣನವರು ನನಗೆ ಚಹಾ ತರಿಸಿದರು.

ಈಗ ಲಾಲಸಾಬ ಕಾಕಾ ನನಗೆ ಕೈವ್ಯಾಪಾರ ಕಲಿಸುತ್ತಿದ್ದಾರೆ. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಹಸ್ತ ಹಿಡಿದರೆ ಐದು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಬೆರಳಿಗೆ ಇದು ನಮ್ಮ ಚುಕ್ಕಿಗಿಂತ ಸುಲಭ. ತರಗತಿಯ ರೂಢಿಯಂತೆ ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. "ಎರಡು, ಮ್ಯಾಲ ಅರ್ಧಾ" ಎಂದರೆ ಕಾಕಾ, "ಮೆಲ್ಲಕ ಅನ್ನೋ, ನನಗ ಕಿವಿ ಅದಾವು" ಎಂದು ನಗುತ್ತಾರೆ. ಒಂದು ಕೇಳುವುದಿತ್ತು. ಈ ರೂಢಿಯನ್ನು ಇಲ್ಲಿ ಬಿಡಬೇಕೇ?

ಲಕ್ಕಪ್ಪನ ಎಡಗೈ ಬರವಣಿಗೆ ಹೇಗಿದೆ? ಬಾಳವ್ವ ಹೊಲಿಗೆ ಯಂತ್ರಕ್ಕೆ ಕೂತಳೇ?

ನಿಮ್ಮ ವಿದ್ಯಾರ್ಥಿ,
ಗುಡ್ಡಪ್ಪ


ಹುಬ್ಬಳ್ಳಿ
೨೪ ಮಾರ್ಚ್ ೧೯೩೨

ಚಿ. ಗುಡ್ಡಪ್ಪನಿಗೆ ಆಶೀರ್ವಾದಗಳು.

ಚುಕ್ಕಿಗಳು ಒಡೆದಿಲ್ಲ. ದಪ್ಪ ಕಾಗದದ ಒಂದು ಕಟ್ಟು ಇದರ ಜೊತೆ ಕಳಿಸಿದ್ದೇನೆ.

ರೂಢಿಯನ್ನು ಬಿಡಬೇಡ. ಮನಸ್ಸಿನಲ್ಲಿಯೇ ಓದುವವರು ಅರ್ಧ ಓದಿ ಅರ್ಧ ಊಹಿಸುತ್ತಾರೆ. ಬಾಯಿಬಿಟ್ಟು ಹೇಳಿದರೆ ಊಹೆ ನಡೆಯುವುದಿಲ್ಲ. ಮೂರು ವರ್ಷ ಇದನ್ನೇ ಕಲಿತಿದ್ದೀಯೆ. ಯಾರೋ ನಕ್ಕರೆಂದು ಕೈಬಿಟ್ಟರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು.

ಲಕ್ಕಪ್ಪನ ಬರವಣಿಗೆ ಈಗ ಬಲಗೈಯವರಿಗೆ ನಾಚಿಕೆಯಾಗುವಂತಿದೆ. ಬಾಳವ್ವ ಯಂತ್ರಕ್ಕೆ ಕೂತಿದ್ದಾಳೆ. ಸೂಜಿ ಮುರಿದದ್ದು ಅವಳಿಗೆ ಕೇಳುವುದಿಲ್ಲವಾದ್ದರಿಂದ ಚಕ್ರದ ಮೇಲೆ ಕೈಯಿಟ್ಟು ತಿಳಿಯುವುದನ್ನು ಕಲಿಸುತ್ತಿದ್ದೇನೆ.

ಉಗುರು ಸಣ್ಣಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಮಂದಾಕಿನಿ ಕಟ್ಟಿ


ಹುಬ್ಬಳ್ಳಿ ಹತ್ತಿ ಪ್ಯಾಟಿ
೧೮ ಏಪ್ರಿಲ್ ೧೯೩೨

ಮಂದಾಕಿನಿ ಅಕ್ಕಾವರಿಗೆ ಶರಣು.

ಬರಿಯಾಕ ಮನಸ್ಸಿಲ್ಲ, ಆದರೂ ನೀವು ತಿಳಕೋಬೇಕು.

ಮೊನ್ನೆ ಶನಿವಾರ ಪ್ಯಾಟಿ ತುಂಬಿತ್ತು. ಮುಂಬಯಿ ಗಿರಣಿ ಖರೀದಿದಾರರು ಐದು ಮಂದಿ ನನ್ನ ಕಟ್ಟೀ ಮ್ಯಾಲ ಇದ್ದರು. ಹುಡುಗ ಎಲ್ಲಾ ಕಲತಾನ ಅಂತ ಲಾಲಸಾಬ ಹೇಳಿದ್ದ. ಇವತ್ತ ನೀನ ಕೈ ಕೊಡು ಅಂದೆ. ನನ್ನ ವಲ್ಲಿ ಅವನ ಕೈಮ್ಯಾಲ ನಾನ ಹೊದಿಸಿದೆ. ಮೊದಲನೇ ಖರೀದಿದಾರ ಕೈ ಒಳಗ ಹಾಕಿ ಬೆರಳು ಒತ್ತಿದ. ಹುಡುಗ ಗಟ್ಟಿಯಾಗಿ, ಸಾಲ್ಯಾಗ ಪಾಠ ಒಪ್ಪಿಸಿದಂಗ, "ಮೂರು, ಮ್ಯಾಲ ಅರ್ಧಾ" ಅಂದ.

ಆ ಖರೀದಿದಾರ ಕೈ ತಗದು ವಲ್ಲೀಗೆ ಒರಸಿಕೊಂಡು, "ಬಸಣ್ಣಾವ್ರ, ಇನ್ನ ಡಂಗುರಾನ ಹೊಡಸ್ರಿ, ಕೈ ಯಾಕ ಬೇಕು" ಅಂದು ಇಳದು ಹ್ವಾದ. ಉಳಿದ ನಾಲ್ಕು ಮಂದಿಗೆ ಅವನ ದರ ಗೊತ್ತಾತು. ಒಬ್ಬಾವ ಅದರ ಮ್ಯಾಲ ಏರಿಸಿ ಹತ್ತಿ ತಗೊಂಡ. ಇಷ್ಟ ಆಗಿದ್ದರ ಹುಡುಗಬುದ್ಧಿ ಅಂತ ಬಿಡತಿದ್ದೆ. ಆ ಹತ್ತಿ ಯಾರದು ಗೊತ್ತೇನ್ರಿ? ಕುಸುಗಲ್ಲ ಹುಚ್ಚಪ್ಪಂದು. ಈ ಹುಡುಗನ ಮನಿ ಎದರಿಗಿನ ಮನ್ಯಾಂವ. ಮಾತು ಮುಗಿಯೂದರಾಗ ಪ್ಯಾಟಿ ತುಂಬ ಒಂದ ಸುದ್ದಿ: ತನ್ನ ಊರಾವಗ ದರ ಏರಸಾಕ ಕುರುಡ ಬೇಕಂತ ಒದರ್ಯಾನ.

ದಲಾಲನ ಕೈ ಮಾತಾಡಿದರ ದಲಾಲಿ ಉಳಿಯೂದಿಲ್ಲ, ಅಕ್ಕಾವರ. ವಲ್ಲೀ ಕೆಳಗಿಂದು ಹೊರಗ ಅನ್ನಬಾರದು ಅಂತ ನಾವು ಯಾರಿಗೂ ಹೇಳಿ ಕಲಿಸಿಲ್ಲ. ಎಲ್ಲಾರೂ ನೋಡಿ ನೋಡಿ ಕಲತಾರ. ಇವ ನೋಡೂದು ಹೆಂಗ ಅಂತ ಆಮ್ಯಾಲ ನನಗ ಹೊಳೀತು. ಲಾಲಸಾಬ, "ಹುಡುಗಗ ಅನ್ನೂ ರೂಢಿ ಐತ್ರಿ, ಕಪಟ ಇಲ್ಲ" ಅಂತಾನ. ಯಾರು ಹಚ್ಚಿದ ರೂಢಿ, ಯಾಕ ಹಚ್ಚಿದ್ದು ಅಂದರ ಹುಡುಗ ಬಾಯಿ ಬಿಡವಲ್ಲ. ಆ ಹೊತ್ತಿನ್ಯಾಗ ಬಿಟ್ಟ ಬಾಯಿ ಈಗ ಮುಚ್ಯಾನ.

ಊರಿಗೆ ಕಳಿಸೇನಿ. ನಿಮಗ ಏನರ ಗೊತ್ತಿದ್ದರ ಬರೀರಿ. ನಿಮ್ಮ ಪತ್ರಾ ಕಟ್ಟೀ ಮ್ಯಾಲ ಎಲ್ಲಾರ ಎದರಿಗೆ ಓದತೇನಿ. ಸಾಲಿ ಬಾಯಾರ ಮಾತು ಅಂದರ ಮಂದಿ ಕೇಳ್ತಾರ.

ಬಸಣ್ಣ


ಹುಬ್ಬಳ್ಳಿ
೨೬ ಏಪ್ರಿಲ್ ೧೯೩೨

ಬಸಣ್ಣನವರಿಗೆ,

ನಿಮ್ಮ ಪತ್ರ ತಲುಪಿತು. ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ.

ನೀವು ಹೇಳಿದಂಥ ರೂಢಿ ಯಾವುದೂ ನನ್ನ ಗಮನಕ್ಕೆ ಬಂದಿಲ್ಲ. ಅಷ್ಟು ಜನರ ನಡುವೆ ಮೊದಲ ಸಲ ನಿಂತಾಗ ಗಾಬರಿಯಾಗಿ ಹೀಗಾಗಿರಬಹುದು. ಹುಡುಗನಲ್ಲಿ ಕಪಟವಿಲ್ಲ ಎಂಬುದನ್ನು ಮಾತ್ರ ನಾನು ಖಾತ್ರಿಯಿಂದ ಹೇಳಬಲ್ಲೆ.

ಬಾಜೂ ಅಂಗಡಿಯ ಬರವಣಿಗೆಯ ಕೆಲಸಕ್ಕೆ ಲಕ್ಕಪ್ಪ ತಯಾರಾಗಿದ್ದಾನೆ. ಒಬ್ಬನ ಗಾಬರಿ ಇನ್ನೊಬ್ಬನಿಗೆ ಅಡ್ಡಿಯಾಗದಿರಲಿ ಎಂದು ಕೇಳಿಕೊಳ್ಳುತ್ತೇನೆ.

ಮಂದಾಕಿನಿ ಕಟ್ಟಿ


ಕುಸುಗಲ್
೨೨ ಮೇ ೧೯೩೨

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಹೋದ ವಾರ ಲಾಲಸಾಬ ಕಾಕಾ ನನ್ನ ಹಾಸಿಗೆ ಮತ್ತು ಪಾಟಿ ತಂದುಕೊಟ್ಟರು. ಲಕ್ಕಪ್ಪನನ್ನು ಬಾಜೂ ಅಂಗಡಿಯವರು ಇಟ್ಟುಕೊಂಡ ಸುದ್ದಿ ಅವರಿಂದ ತಿಳಿಯಿತು, ಸಂತೋಷವಾಯಿತು. ನನಗೆ ಗಾಬರಿಯಾಗಿತ್ತು ಎಂದು ನೀವು ಬರೆದಿದ್ದೀರಂತೆ. ಬಸಣ್ಣನವರು ಅದನ್ನು ಕಟ್ಟೆಯ ಮೇಲೆ ಓದಿದರಂತೆ. ಯಾರೂ ನಂಬಲಿಲ್ಲವಂತೆ. ಗಾಬರಿಯಾದವನ ದನಿ ಹಾಗಿರುವುದಿಲ್ಲ ಎಂದರಂತೆ.

ಬಾಯಿ, ನನಗೆ ಗಾಬರಿಯಾಗಿರಲಿಲ್ಲ.

ಊರಿನಲ್ಲಿ ಹುಚ್ಚಪ್ಪ ಕಾಕಾನನ್ನೂ ಜನ ಚುಡಾಯಿಸುತ್ತಾರೆ. "ಮುಂದಿನ ಸುಗ್ಗಿಗೂ ಕುರುಡನ್ನ ಕರಕೊಂಡ ಹೋಗೋ" ಎನ್ನುತ್ತಾರೆ. ಅವನು ಈಗ ನಮ್ಮ ಮನೆಯ ಕಡೆ ಬರುವುದಿಲ್ಲ. ನವಲಗುಂದದ ಒಂದು ಅಂಗಡಿಗೆ ಅವ್ವ ಹೋಗಿ ಕೇಳಿದಳು. ಅಲ್ಲಿಯೂ ಸುದ್ದಿ ಮುಟ್ಟಿತ್ತು. ಇನ್ನು ಹತ್ತಿಯ ಕೆಲಸ ಯಾರೂ ಕೊಡಲಾರರು.

ಈಗ ಮುಟ್ಟಿ ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ. ಸಂಜೆ ಅವ್ವ ತನ್ನ ಸೆರಗಿನ ಕೆಳಗೆ ನನ್ನ ಕೈ ಹಿಡಿದು ಬೆರಳು ಒತ್ತುತ್ತಾಳೆ.

"ಎಷ್ಟೋ?"

"ಹೇಳಂಗಿಲ್ಲವ್ವ."

"ನಾ ನಿನ್ನ ಹಡದಾಕಿ, ನನಗೂ ಹೇಳಂಗಿಲ್ಲನ?"

"ನಿನಗೂ ಇಲ್ಲ."

"ಹಂಗಾರ ಕಲತಿ ಬಿಡು. ಏಳು, ರೊಟ್ಟಿ ತಿನ್ನು" ಎಂದು ಕೈ ಬಿಡುತ್ತಾಳೆ.

ನಾಲ್ಕು ದಿನ ಕಷ್ಟವಾಯಿತು. ತುಟಿ ತಾನೇ ಅಲುಗುತ್ತಿತ್ತು. ಈಗ ಇಲ್ಲ.

ಗುಡ್ಡಪ್ಪ


ಹುಬ್ಬಳ್ಳಿ
೫ ಜೂನ್ ೧೯೩೨

ಚಿ. ಗುಡ್ಡಪ್ಪನಿಗೆ,

ನಿನ್ನ ಪತ್ರಕ್ಕೆ ಹದಿನಾಲ್ಕು ದಿನ ಉತ್ತರ ಬರೆಯಲಿಲ್ಲ. ಶಾಲೆಗೆ ಸೂಟಿ ಇತ್ತು, ಆದ್ದರಿಂದ ಕೆಲಸವಿತ್ತು ಎಂದು ಹೇಳಲಾರೆ.

ತಪ್ಪು ನನ್ನದು. ಬಾಯಿಬಿಟ್ಟು ಓದುವುದನ್ನು ನಾನು ಹಚ್ಚಿದೆ. ನೀನು ಏನು ಓದುತ್ತಿದ್ದೀಯೆ ಎಂದು ನನಗೆ ತಿಳಿಯಲಿ ಎಂದು ಹಚ್ಚಿದೆ. ನಿನ್ನ ಬೆರಳಿನ ಕೆಳಗಿನ ಚುಕ್ಕಿ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲವಲ್ಲ. ನಿನ್ನ ಅನುಕೂಲವೆಂದು ಹೇಳಿದ್ದು ನನ್ನ ಅನುಕೂಲವಾಗಿತ್ತು. ಬಿಡಬೇಕೇ ಎಂದು ನೀನು ಕೇಳಿದೆ. ಬಿಡಬೇಡ ಎಂದೆ. ಪೇಟೆಯಲ್ಲಿ ಅದರಿಂದ ಏನಾದೀತು ಎಂದು ಒಂದು ನಿಮಿಷವೂ ಯೋಚಿಸಲಿಲ್ಲ.

ಇದನ್ನು ನಿನಗೆ ಹೇಳಬೇಕಾಗಿತ್ತು, ಹೇಳಿದ್ದೇನೆ. ಮನಸ್ಸು ಸ್ವಲ್ಪ ಹಗುರಾಯಿತು.

ಮಂದಾಕಿನಿ ಕಟ್ಟಿ


ಕುಸುಗಲ್
೧೨ ಜೂನ್ ೧೯೩೨

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಅವ್ವ ನಿಮ್ಮ ಚುಕ್ಕಿಗಳ ಮೇಲೆ ಕೈಯಾಡಿಸಿ, "ಏನ ಬರದಾರ ಬಾಯಾರು?" ಎಂದಳು. ಓದಿ ಹೇಳಿದೆ. ಎರಡು ಸಲ ಓದಿಸಿದಳು. ಆಮೇಲೆ, "ಛಲೋ ಬರದಾರ. ಇದನ್ನ ಊರಾಗ ಇನ್ನ ಯಾರಿಗೆ ಓದಾಕ ಬರತೈತಿ?" ಎಂದಳು.

ಯಾರಿಗೂ ಬರುವುದಿಲ್ಲ ಎಂದೆ.

"ಹುಬ್ಬಳ್ಳ್ಯಾಗ?"

ಬಾಯಿಯವರಿಗೆ ಮತ್ತು ನನಗೆ ಅಷ್ಟೇ ಎಂದೆ. ಅವಳು ಕಾಗದವನ್ನು ಮಡಚಿ ಗೋಡೆಯ ಮಾಡದಲ್ಲಿಟ್ಟಳು.

ಇದನ್ನು ದೂರೆಂದು ತಿಳಿಯಬಾರದು. ಅವಳು ಕೇಳಿದ್ದನ್ನು ಬರೆದೆ. ಕಟ್ಟೆಯ ಮೇಲೆ ಬಸಣ್ಣನವರು ಕೇಳಿದಾಗ ನಾನು ನಿಮ್ಮ ಹೆಸರು ಹೇಳಲಿಲ್ಲ. ಹೇಳಿದ್ದರೆ ತರಗತಿಗೆ ಕೆಟ್ಟ ಹೆಸರು ಬಂದು ಲಕ್ಕಪ್ಪನ ಕೆಲಸ ತಪ್ಪುತ್ತಿತ್ತು. ಅದಕ್ಕೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ.

ಗುಡ್ಡಪ್ಪ


ಹುಬ್ಬಳ್ಳಿ
೧೮ ಜೂನ್ ೧೯೩೨, ಶನಿವಾರ

ಬಸಣ್ಣನವರಿಗೆ,

ಏಪ್ರಿಲ್ ತಿಂಗಳಲ್ಲಿ ನಾನು ನಿಮಗೆ ಬರೆದ ಪತ್ರದಲ್ಲಿ ಸುಳ್ಳು ಇತ್ತು. ಹುಡುಗನಿಗೆ ಚುಕ್ಕಿಯಲ್ಲಿ ಬರೆದು ಒಪ್ಪಿಕೊಂಡದ್ದನ್ನು ಬೇರೆ ಯಾರೂ ಓದಲಾರರು, ಅದಕ್ಕೆ ಇದನ್ನು ಶಾಯಿಯಲ್ಲಿ ಬರೆಯುತ್ತಿದ್ದೇನೆ. ಆ ಪತ್ರವನ್ನು ಎಲ್ಲಿ ಓದಿದಿರೋ ಅಲ್ಲಿಯೇ, ಅಷ್ಟೇ ಜನರೆದುರು, ಇದನ್ನೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಆ ದಿನದ ಖರೀದಿದಾರರಲ್ಲಿ ಯಾರಾದರೂ ಇದ್ದರೆ ಒಳ್ಳೆಯದು. ಕುಸುಗಲ್ಲಿನ ಹುಚ್ಚಪ್ಪನವರನ್ನೂ ಕರೆಸಲು ಸಾಧ್ಯವಾದರೆ ಕರೆಸಿರಿ.

ಗುಡ್ಡಪ್ಪ ಬೆರಳಿನಿಂದ ತಿಳಿದದ್ದನ್ನು ಗಟ್ಟಿಯಾಗಿ ಹೇಳುವುದು ನಾನು ಹಚ್ಚಿದ ರೂಢಿ. ನನ್ನ ತರಗತಿಯಲ್ಲಿ ಮುಟ್ಟಿ ಸುಮ್ಮನಿದ್ದರೆ ಅದು ತಪ್ಪು. ಮೂರು ವರ್ಷ, ವಾರಕ್ಕೆ ಐದು ದಿನ, ಅವನು ಮುಟ್ಟಿದ್ದನ್ನೆಲ್ಲ ಹೇಳಿಸಿದ್ದೇನೆ. ನಿಮ್ಮಲ್ಲಿ ಕೈವ್ಯಾಪಾರ ಕಲಿಯುವಾಗ ಅವನಿಗೇ ಅನುಮಾನ ಬಂದು ನನ್ನನ್ನು ಕೇಳಿದ. ಮಾರ್ಚ್ ೨೪ರಂದು, ಬಿಡಬೇಡ ಎಂದು ಬರೆದೆ. ಏಪ್ರಿಲ್ ೧೬ರಂದು ನಿಮ್ಮ ಕಟ್ಟೆಯ ಮೇಲೆ ಅವನು ಮಾಡಿದ್ದು ನನ್ನ ಮಾತನ್ನು ಪಾಲಿಸಿದ್ದು, ಅಷ್ಟೆ. ಹತ್ತಿ ಯಾವ ಊರಿನದಾಗಿದ್ದರೂ ಅವನು ಹೇಳುತ್ತಿದ್ದ.

ಯಾರು ಹಚ್ಚಿದ ರೂಢಿ ಎಂದು ನೀವು ನೇರವಾಗಿ ಕೇಳಿದಿರಿ. ನನಗೆ ಉತ್ತರ ಗೊತ್ತಿತ್ತು. ಲಕ್ಕಪ್ಪನ ಕೆಲಸ ಕೆಡಬಾರದೆಂದು ಮುಚ್ಚಿಟ್ಟೆ ಎಂದು ಎರಡು ತಿಂಗಳು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ, ನನ್ನ ಪಾಠವನ್ನು ಪೇಟೆಯಲ್ಲಿ ಯಾರೂ ತಪ್ಪೆನ್ನಬಾರದು ಎಂಬುದು. ಕೆಲಸಕ್ಕೆ ತಯಾರು ಮಾಡುತ್ತೇನೆ ಎನ್ನುವವಳು ಆ ಕೆಲಸವನ್ನು ಒಂದೇ ಒಂದು ದಿನ, ಅಣ್ಣನ ಜೊತೆ ನಿಂತು, ದೂರದಿಂದ ನೋಡಿದ್ದೆ. ಬಾಯಿ ಮುಚ್ಚಿರುವುದು ಆ ಕೆಲಸದ ಅರ್ಧಭಾಗ ಎಂಬುದು ಕಣ್ಣಿದ್ದ ನನಗೂ ಕಾಣಲಿಲ್ಲ.

ಹುಡುಗ ನನ್ನ ಹೆಸರು ಹೇಳದೆ ಇದ್ದದ್ದು ಅವನ ದೊಡ್ಡತನ. ಅದನ್ನು ನಾನು ಬಳಸಿಕೊಂಡೆ.

ಅವನನ್ನು ಮತ್ತೆ ಇಟ್ಟುಕೊಳ್ಳಿ ಎಂದು ಈ ಪತ್ರದಲ್ಲಿ ಕೇಳುವುದಿಲ್ಲ. ಕೇಳಿದರೆ, ಅದಕ್ಕಾಗಿಯೇ ಬರೆದಳು ಎಂದು ಜನ ಅಂದಾರು. ಈಗ ಅವನು ಮುಟ್ಟಿ ಸುಮ್ಮನಿರಬಲ್ಲ ಎಂಬುದಷ್ಟೇ ನಿಮಗೆ ತಿಳಿದಿರಲಿ. ಅದನ್ನು ಕಲಿಸಿದವಳು ಅವನ ತಾಯಿ. ಅವಳಿಗೆ ನಾಲ್ಕು ದಿನ ಸಾಕಾಯಿತು.

ಲಕ್ಕಪ್ಪ ನಿಮ್ಮ ಬಾಜೂ ಅಂಗಡಿಗೆ ಬಂದು ಒಂದು ತಿಂಗಳಾಯಿತು. ಇದನ್ನು ಓದಿದ ಮೇಲೆ ಅಲ್ಲಿಯವರು ಅವನನ್ನು ಸಂಶಯದಿಂದ ನೋಡಿದರೆ, ಅವನ ಬರವಣಿಗೆಯನ್ನು ನೋಡಿ ತೀರ್ಮಾನಿಸಿರಿ ಎಂದು ಹೇಳಿರಿ. ನನ್ನನ್ನು ನೋಡಿ ತೀರ್ಮಾನಿಸುವುದು ಬೇಡ. ಬಾಳವ್ವನನ್ನೂ ಇನ್ನಿಬ್ಬರನ್ನೂ ಮುಂದೆ ಯಾರು ಕರೆಯುತ್ತಾರೋ ತಿಳಿಯದು. ಕಳಿಸುವ ಮುಂಚೆ ಆ ಅಂಗಡಿಯಲ್ಲಿ ನಾನು ಒಂದು ವಾರ ಕೂತು ನೋಡುತ್ತೇನೆ.

ಈ ಪತ್ರ ಇವತ್ತೇ ಮುಗಿದಿದೆ, ಆದರೆ ಇವತ್ತು ಅಂಚೆಗೆ ಹಾಕುವುದಿಲ್ಲ. ಇದರಿಂದ ನಷ್ಟವಾಗಬಹುದಾದವರಿಗೆ ಮೊದಲು ತರಗತಿಯಲ್ಲಿ ಓದಿ ಹೇಳಬೇಕು. ಲಕ್ಕಪ್ಪನಿಗೂ ಆ ಸಂಜೆ ತರಗತಿಗೆ ಬರಲು ಹೇಳಿಕಳಿಸಿದ್ದೇನೆ. ಬಾಳವ್ವನಿಗೆ ತುಟಿ ಕಾಣುವಂತೆ ನಿಧಾನವಾಗಿ ಓದುತ್ತೇನೆ. ಬೇಡ ಎಂದು ಯಾರಾದರೂ ಅಂದರೆ ಕೇಳಿಸಿಕೊಳ್ಳುತ್ತೇನೆ, ಆದರೆ ಹಾಕುತ್ತೇನೆ. ತರಗತಿ ಮುಗಿಸಿ, ಸ್ಟೇಷನ್ ರಸ್ತೆಯ ಅಂಚೆಪೆಟ್ಟಿಗೆಗೆ, ಸೋಮವಾರ, ೨೦ ಜೂನ್ ೧೯೩೨.

ಮಂದಾಕಿನಿ ಕಟ್ಟಿ